ಎಬ್ಬಿಸಿ ನಿಲ್ಲಿಸಬೇಡಿ ಎನ್ನುವ ತಿಪ್ಪೇಶ್

ಹನ್ನೊಂದು ವರ್ಷಗಳ ಹಿಂದೆ, ನ್ಯಾಮತಿ ಕಡೆಯ ಒಂದು ಊರಿನ ಮನೆಯ ಜಗುಲಿಯಲ್ಲಿ, ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳಾಗಿದ್ದ ಶಂಕರಮ್ಮ ಒಂದು ಪ್ರಶ್ನೆ ಕೇಳಿದ್ದರು. "ಹೆಂಗೆ ಹೋದ್ರಪ್ಪಾ ಅವ್ರು?" ಎದುರಿಗೆ ಕೂತಿದ್ದವರು ಜಗಳೂರು ತಾಲ್ಲೂಕು ಬಿಳಿಚೋಡಿನ ತಿಪ್ಪೇಶ್, ಸಮುದ್ರ ಕಾಯುವ ಹಡಗಿನ ನಾವಿಕ. ಅವರು ಉತ್ತರ ಹೇಳಲಿಲ್ಲ. ಮಾತು ಕೊಟ್ಟರು. "ಈಗ ಕೇಳಬ್ಯಾಡಕ್ಕ. ನೌಕರಿ ಬಿಡೋದ್ರೊಳಗೆ ಬಂದು ಇದ್ದದ್ದು ಇದ್ದಂಗೆ ಹೇಳ್ತೀನಿ."

ಸರ್ಕಾರದ ಗುಟ್ಟೇನೋ ಇರಬೇಕು ಅಂದುಕೊಂಡ ಶಂಕರಮ್ಮ ಮತ್ತೆ ಕೇಳಲಿಲ್ಲ. ತಿಪ್ಪೇಶ್ ಈ ತಿಂಗಳ ಕೊನೆಗೆ ನೌಕರಿ ಬಿಡುತ್ತಿದ್ದಾರೆ.

ನಾನು ಅವರನ್ನು ಮೊದಲು ನೋಡಿದ್ದು ಊರಿನಲ್ಲಲ್ಲ, ನೀರಿನ ಮೇಲೆ. ನಾವಿಕರ ಮನೆಯವರನ್ನೂ ಪತ್ರಿಕೆಯವರನ್ನೂ ಒಂದು ದಿನ ಹಡಗು ಹತ್ತಿಸಿಕೊಂಡು ಹೋಗುವ ರೂಢಿಯಿದೆ. ಹಿಂದಿನ ಸಂಜೆಯೇ ಮಂಗಳೂರಿನಲ್ಲಿ ಹತ್ತಿದ್ದೆವು. ಈಗ ಬೆಳಗಿನ ಐದೂ ಮುಕ್ಕಾಲು. ದಡ ಕಾಣುತ್ತಿಲ್ಲ. ಆಕಾಶಕ್ಕೂ ನೀರಿಗೂ ಒಂದೇ ಬೂದಿ ಬಣ್ಣ. ಹಡಗಿನ ಮಗ್ಗುಲಿಂದ ಒಂದು ರಬ್ಬರ್ ದೋಣಿ ಕೆಳಗಿಳಿಯುತ್ತಿದೆ. ಅದರಲ್ಲಿ ನಾಲ್ವರಿದ್ದಾರೆ. ಚುಕ್ಕಾಣಿ ಹಿಡಿದು ನಿಂತ ಕುಳ್ಳು ಮನುಷ್ಯನೇ ತಿಪ್ಪೇಶ್. ವಯಸ್ಸು ನಲವತ್ಮೂರು. ಬಿಸಿಲು, ಉಪ್ಪುಗಾಳಿ ತಿಂದ ಮುಖ ಐವತ್ತು ದಾಟಿದವರಂತೆ ಕಾಣುತ್ತದೆ.

ಇದ್ದಕ್ಕಿದ್ದಂತೆ ಮೇಲಿನಿಂದ ಯಾರೋ ಒಬ್ಬ ಮನುಷ್ಯನನ್ನು ನೀರಿಗೆ ಎಸೆಯುತ್ತಾರೆ. ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬರು ಚೀರಿಬಿಡುತ್ತಾರೆ. ಮನುಷ್ಯನಲ್ಲ ಅದು. ಹಳೆಯ ನೀಲಿ ಉಡುಪಿನೊಳಗೆ ಮರಳು, ಚಿಂದಿ ತುಂಬಿ ಹೊಲಿದು, ಮುಳುಗದಂತೆ ತೇಲುವ ಜಾಕೆಟ್ ತೊಡಿಸಿದ ಗೊಂಬೆ. ತೂಕ ಅರವತ್ತು ಕೆಜಿ. ಹಡಗಿನಲ್ಲಿ ಅದನ್ನು ಎಲ್ಲರೂ ಸಾಹೇಬರು ಎಂದೇ ಕರೆಯುತ್ತಾರೆ. ದಿನಾ ಬೆಳಿಗ್ಗೆ ಸಾಹೇಬರು ನೀರಿಗೆ ಬೀಳಬೇಕು, ತಿಪ್ಪೇಶರ ತಂಡ ಎತ್ತಬೇಕು.

ದೋಣಿ ಗೊಂಬೆಯ ಹತ್ತಿರ ಹೋಗುತ್ತದೆ. ಹೊಸದಾಗಿ ಸೇರಿದ ಒಡಿಶಾದ ನಾವಿಕನೊಬ್ಬ ಬಾಗಿ ಗೊಂಬೆಯ ಕಂಕುಳಿಗೆ ಕೈ ಹಾಕಿ ಮೇಲಕ್ಕೆಳೆಯುತ್ತಾನೆ. ತಿಪ್ಪೇಶರ ಬೈಗುಳ ಹಿಂದಿಯಲ್ಲಿ ಶುರುವಾಗಿ ಅರ್ಧಕ್ಕೆ ಜಗಳೂರಿನ ಕನ್ನಡಕ್ಕೆ ಹೊರಳುತ್ತದೆ. "ಬಿಡಲೇ, ಬಿಡು! ನಿಮ್ಮಪ್ಪನ್ನಾದ್ರೆ ಹಿಂಗೆ ಎತ್ತಿಯೇನೋ? ನೀರಿಗೆ ಬಿಡು ವಾಪಸ್. ಮೊದಲಿಂದ ಮಾಡು."

ಮೊದಲಿಂದ ಮಾಡುತ್ತಾರೆ. ದೋಣಿಯ ಅಂಚಿಗೆ ಒಂದು ಬದಿ ಕಟ್ಟಿದ ಬಲೆಯನ್ನು ನೀರಿಗೆ ಇಳಿಬಿಟ್ಟು, ಗೊಂಬೆಯ ಕೆಳಗೆ ತೂರಿಸಿ, ಇನ್ನೊಂದು ಬದಿಯನ್ನು ಹಿಡಿದು ಇಬ್ಬರು ಎಳೆಯುತ್ತಾರೆ. ಗೊಂಬೆ ಮಲಗಿದ್ದ ಹಾಗೆಯೇ ಉರುಳುತ್ತ, ಜೋಲಿಯಲ್ಲಿರುವ ಕೂಸಿನಂತೆ ಒಳಗೆ ಬರುತ್ತದೆ. ಕೇರಳದವನು, ಒಡಿಶಾದವನು, ಹರಿಯಾಣದವನು ಮೂವರೂ ಒಟ್ಟಿಗೆ ಕೂಗುತ್ತಾರೆ, "ಮಲಗ್ಸಿ! ಮಲಗ್ಸಿ!" ಅವರಿಗೆ ಬರುವ ಕನ್ನಡ ಅಷ್ಟೇ.

ತಿಪ್ಪೇಶ್ ಇರುವಂಥ ಹಡಗಿಗೆ ಕಡಲಾಚೆಯ ಗಸ್ತು ಹಡಗು ಎನ್ನುತ್ತಾರೆ. ಉದ್ದ ಸುಮಾರು ನೂರು ಮೀಟರ್, ಬೆನ್ನ ಮೇಲೆ ಹೆಲಿಕಾಪ್ಟರ್ ಇಳಿಯುವ ಜಾಗ, ಒಳಗೆ ನೂರಕ್ಕೂ ಹೆಚ್ಚು ಜನ. ಇದು ಯುದ್ಧಕ್ಕೆ ಹೋಗುವ ಹಡಗಲ್ಲ. ದಡದಿಂದ ಇನ್ನೂರು ನಾಟಿಕಲ್ ಮೈಲಿವರೆಗಿನ ನೀರಿನಲ್ಲಿರುವ ಮೀನು, ಎಣ್ಣೆ, ಅನಿಲದ ಮೇಲೆ ನಮ್ಮ ದೇಶದ ಹಕ್ಕಿದೆ. ಅಷ್ಟು ದೂರ ಎಂದರೆ ಜಗಳೂರಿನಿಂದ ಬೆಂಗಳೂರಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದಷ್ಟು. ಅಲ್ಲಿ ಬೇಲಿಯಿಲ್ಲ, ಚೆಕ್‌ಪೋಸ್ಟ್ ಇಲ್ಲ. ಸಣ್ಣ ದೋಣಿಗಳು ಅಷ್ಟು ದೂರ ಹೋಗಿ ವಾರಗಟ್ಟಲೆ ನಿಲ್ಲಲಾರವು. ದೊಡ್ಡ ಯುದ್ಧ ಹಡಗುಗಳಿಗೆ ಬೇರೆ ಕೆಲಸವಿದೆ. ನಡುವಿನ ಈ ಖಾಲಿಯನ್ನು ತುಂಬುವವು ಗಸ್ತು ಹಡಗುಗಳು. ಹೊರಗಿನ ದೇಶದ ದೋಣಿ ನುಗ್ಗಿ ಬಲೆ ಬೀಸಿದೆಯೇ, ಹೆಸರಿಲ್ಲದ ದೋಣಿಯ ಹೊಟ್ಟೆಯಲ್ಲಿ ಮಾದಕ ವಸ್ತುವಿದೆಯೇ, ಯಾವ ಹಡಗಾದರೂ ಕದ್ದು ಎಣ್ಣೆ ಸುರಿಯುತ್ತಿದೆಯೇ ಎಂದು ನೋಡಬೇಕು. ಗಾಳಿ ಎದ್ದಾಗ ಮೀನುಗಾರರನ್ನು ದಡಕ್ಕೆ ಅಟ್ಟಬೇಕು. ಅಟ್ಟಿದರೂ ಹೋಗದೆ ಮುಳುಗಿದವರನ್ನು ಹುಡುಕಬೇಕು.

"ಕುರಿ ಕಾಯೋದೇ ಐತ್ರಿ ಇದು," ಎನ್ನುತ್ತಾರೆ ತಿಪ್ಪೇಶ್. "ಹಿಂಡು ಅದರ ಪಾಡಿಗೆ ಮೇಯ್ತಿರ್ತೈತೆ. ನಾವು ಅಂಚಿನಾಗೆ ನಿಂತಿರ್ತೀವಿ. ಏನೂ ಆಗಲಿಲ್ಲ ಅಂದ್ರೆ ಕೆಲ್ಸ ಚೆನ್ನಾಗಿ ಮಾಡಿದೀವಿ ಅಂತ. ಆದ್ರೆ ಏನೂ ಆಗದೇ ಇದ್ದದ್ದನ್ನ ಯಾರು ಪೇಪರ್‌ನಾಗೆ ಹಾಕ್ತಾರೆ ಹೇಳ್ರಿ?" ಸಿನಿಮಾದಲ್ಲಿ ತೋರಿಸುವಂತೆ ಗುಂಡು ಹಾರುತ್ತದೆಯೇ ಎಂದು ಕೇಳಿದೆ. "ಇಪ್ಪತ್ತೆರಡು ವರ್ಷದಾಗೆ ಎರಡು ಸಲ ಹಾರ್ಸಿದ್ದು ನೋಡಿದೀನಿ. ಎರಡೂ ಮುಗಿಲಿಗೆ."

ಕೆಲಸ ಹೀಗಿದೆ. ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕಾವಲು. ಬಿಡುವು ಎಂಬುದರಲ್ಲೇ ದೋಣಿಯ ರಿಪೇರಿ, ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಕವಾಯತು. ದಿನಕ್ಕೆ ಆರರಿಂದ ಹತ್ತು ಮೀನುಗಾರಿಕೆ ದೋಣಿಗಳನ್ನು ತಡೆದು, ಹಗ್ಗದ ಏಣಿ ಹತ್ತಿ, ಕಾಗದಪತ್ರ ನೋಡುತ್ತಾರೆ. ಏಣಿಯಿಂದ ಒಮ್ಮೆ ಜಾರಿ ಬಿದ್ದು ತಿಪ್ಪೇಶರ ಸೊಂಟದ ಎರಡು ಮೂಳೆ ಜರುಗಿವೆ. ಒಮ್ಮೆ ಹೊರಟರೆ ಇಪ್ಪತ್ತು ದಿನ ಫೋನಿಲ್ಲ. ಸಮುದ್ರದ ಮೇಲೆ ಕಳೆದ ದಿನಗಳು ಮೂರು ಸಾವಿರದ ಮುನ್ನೂರು ದಾಟಿವೆ. ತಿಪ್ಪೇಶರ ದೋಣಿ ನೀರಿನಿಂದ ಎತ್ತಿದವರಲ್ಲಿ ಉಳಿದವರು ನಲವತ್ತಾರು. ಹೆಣವಾಗಿ ಸಿಕ್ಕವರು ಹನ್ನೆರಡು.

"ಒಬ್ರನ್ನ ಯಾವ ಕಡೆ ಸೇರಿಸ್ಬೇಕು ಅಂತ ನಂಗೆ ಗೊತ್ತಾಗಿಲ್ಲ," ಎಂದರು. "ಸಿಕ್ಕಾಗ ಜೀವ ಇತ್ತು. ದಡ ಮುಟ್ಟಿದಾಗ ಇರ್ಲಿಲ್ಲ."

ಆ ಒಬ್ಬರೇ ಶಂಕರಮ್ಮನ ಗಂಡ ದುರುಗಪ್ಪ. ಅವರ ವಿಷಯವನ್ನು ತಿಪ್ಪೇಶ್ ಅಂದು ಹಡಗಿನ ಹಿಂಬದಿಯಲ್ಲಿ, ಒದ್ದೆ ಬಲೆ ಹರವುತ್ತ ನನಗೆ ಹೇಳಿದರು. ಹೇಳುವ ಮೊದಲು ಒಂದು ಕರಾರು ಹಾಕಿದರು. "ಮೊದ್ಲು ಅಕ್ಕಗೆ ಹೇಳ್ತೀನಿ. ಅವ್ರು ಹ್ಞೂಂ ಅಂದ್ಮ್ಯಾಲೆ ನೀವು ಬರೀರಿ. ಅವ್ರು ಬ್ಯಾಡ ಅಂದ್ರೆ ನಿಮ್ಮ ಹಾಳೆ ಹರಿದು ಹಾಕ್ರಿ."

ಎರಡು ಸಾವಿರದ ಹದಿನಾಲ್ಕರ ಆಗಸ್ಟ್. ಮಳೆಗಾಲದ ನಿಷೇಧ ಮುಗಿದು ಮೀನುಗಾರಿಕೆ ಶುರುವಾಗಿ ಹತ್ತು ದಿನವಾಗಿತ್ತು. ಎಂಟು ಜನರಿದ್ದ ಟ್ರಾಲರ್ ಒಂದು ಗಾಳಿಗೆ ಸಿಕ್ಕು ಮಗುಚಿತು. ಮೂವರನ್ನು ಬೇರೊಂದು ದೋಣಿ ಎತ್ತಿಕೊಂಡಿತು. ಐವರು ಕಾಣೆ. ಗಸ್ತು ಹಡಗು ಹುಡುಕಾಟಕ್ಕೆ ಹೋಯಿತು. ಹತ್ತೊಂಬತ್ತು ಗಂಟೆಗಳ ನಂತರ, ಖಾಲಿ ಡೀಸೆಲ್ ಕ್ಯಾನೊಂದನ್ನು ತಬ್ಬಿಕೊಂಡು ತೇಲುತ್ತಿದ್ದ ಒಬ್ಬರು ಕಂಡರು. ದೋಣಿ ಹತ್ತಿರ ಹೋದಾಗ ತಿಪ್ಪೇಶ್ ಹಿಂದಿಯಲ್ಲಿ ಕೈ ಕೊಡಿ ಎಂದು ಕೂಗಿದರು. ಬಂದ ಉತ್ತರ ಕೇಳಿ ಅವರೇ ಬೆಚ್ಚಿದರು.

"ಕೈ ಏಳಾಕಿಲ್ಲ ಕಣಣ್ಣಾ."

ಕರಾವಳಿಯ ಕನ್ನಡವಲ್ಲ ಅದು, ನಮ್ಮ ಕಡೆಯದು. ಟ್ರಾಲರುಗಳಲ್ಲಿ ಬಲೆ ಎಳೆಯಲು, ಮೀನು ವಿಂಗಡಿಸಲು ಒಳನಾಡಿನಿಂದ ಜನ ಹೋಗುತ್ತಾರೆಂದು ತಿಪ್ಪೇಶರಿಗೆ ಗೊತ್ತಿತ್ತು. ಆದರೆ ನಡುಸಮುದ್ರದಲ್ಲಿ ಈ ಮಾತು ಕೇಳುತ್ತದೆಂದು ಅಂದುಕೊಂಡಿರಲಿಲ್ಲ.

"ಯಾವೂರಣ್ಣ?"

"ಹೊನ್ನಾಳಿ ತಾಲ್ಲೂಕು. ನ್ಯಾಮತಿ ಕಡೆ." ನ್ಯಾಮತಿ ಆಗಿನ್ನೂ ಬೇರೆ ತಾಲ್ಲೂಕಾಗಿರಲಿಲ್ಲ.

"ನಾನು ಜಗಳೂರು, ಬಿಳಿಚೋಡು."

ನೀರಿನಲ್ಲಿದ್ದ ಮನುಷ್ಯ ನಕ್ಕರಂತೆ. ತುಟಿ ಒಡೆದು ಬೆಳ್ಳಗಾಗಿದ್ದವು, ಆದರೂ ನಕ್ಕರು. "ನಿಮ್ಮ ಜಗಳೂರಾಗೆ ಕುಡಿಯಾಕೇ ನೀರಿಲ್ಲ, ನೀನ್ಯಾಕೋ ಇಲ್ಲಿಗೆ ಬಂದೆ?"

ಆಗ ಬಲೆಯ ಜೋಲಿ ಇರಲಿಲ್ಲ. ತಿಪ್ಪೇಶರೂ ಇನ್ನೊಬ್ಬರೂ ಕಂಕುಳಿಗೆ ಕೈ ಹಾಕಿ ನೆಟ್ಟಗೆ ಮೇಲಕ್ಕೆಳೆದರು. ಹಡಗಿನ ಮೇಲೆ ತಂದರು. ವೈದ್ಯಕೀಯ ಸಹಾಯಕ ಒಳಗಿಂದ ಬರಲು ಎರಡು ನಿಮಿಷ ಬೇಕಿತ್ತು. ಆ ಎರಡು ನಿಮಿಷದಲ್ಲಿ ತಿಪ್ಪೇಶ್ ತಮಗೆ ಗೊತ್ತಿದ್ದದ್ದನ್ನು ಮಾಡಿದರು.

ಗೊತ್ತಿದ್ದದ್ದು ಕುರಿಮರಿ. ಬಿಳಿಚೋಡಿನಲ್ಲಿ ಅವರ ತಂದೆಗೆ ಎಂಬತ್ತು ಕುರಿಗಳಿದ್ದವು. ಹಿಂಡು ಹೊಲಗಳಲ್ಲಿ ತಂಗಿದಾಗ ಅಡ್ಡಮಳೆ ಹೊಡೆದರೆ ಆಗತಾನೇ ಹುಟ್ಟಿದ ಮರಿಗಳು ನೆನೆದು ಸೆಟೆದುಕೊಳ್ಳುತ್ತಿದ್ದವು. "ಅಂಥ ಮರಿ ಸಿಕ್ರೆ ಕಂಬ್ಳಿಯಾಗೆ ಹಾಕ್ಕೊಂಡು ಕಾಲು ಬಿಸಿಯಾಗೋ ಮಟ ತಿಕ್ಕಬೇಕು. ಆಮ್ಯಾಲೆ ಎಬ್ಬಿಸಿ ನಿಲ್ಲಿಸ್ಬೇಕು. ನಿಂತ್ರೆ ಬದುಕ್ತು ಅಂತ ಲೆಕ್ಕ. ಮಲಗಿಸಿದ್ರೆ ಮಲಗೇ ಹೋಗ್ತೈತೆ. ನಮ್ಮಪ್ಪ ಕಲಿಸಿದ್ದು, ಅವ್ನಿಗೆ ಅವ್ರಪ್ಪ."

ದುರುಗಪ್ಪನವರ ಕೈಕಾಲು ಹಿಡಿದು ಅವರು ಜೋರಾಗಿ ತಿಕ್ಕಿದರು. ಬಿಸಿ ಚಹಾ ಕುಡಿಸಿದರು. ಆಮೇಲೆ, "ಏಳಣ್ಣ, ನಿಂತ್ಕಳಣ್ಣ, ನಿಂತ್ರೆ ಗೆದ್ದಂಗೆ," ಎಂದು ಎಬ್ಬಿಸಿದರು. ದುರುಗಪ್ಪ ಎದ್ದು ನಿಂತರು. ಮೂರು ಹೆಜ್ಜೆ ಇಟ್ಟರು. "ಕಣ್ಣು ಕತ್ಲಿಟ್ಟು ಬರ್ತೈತೆ ಕಣಣ್ಣಾ," ಎಂದರು. ಬಿದ್ದರು. ಸಹಾಯಕ ಬಂದು ಮುಕ್ಕಾಲು ಗಂಟೆ ಎದೆ ಒತ್ತಿದರೂ ಏಳಲಿಲ್ಲ.

ಹೆಣವನ್ನು ಬಂದರಿನಲ್ಲಿ ಒಪ್ಪಿಸಿ ಹಡಗು ಉಳಿದ ನಾಲ್ವರನ್ನು ಹುಡುಕಲು ಮತ್ತೆ ಹೊರಟಿತು. ಇಬ್ಬರು ಹೆಣವಾಗಿ ಸಿಕ್ಕರು. ಇನ್ನಿಬ್ಬರು ಇವತ್ತಿಗೂ ಸಿಕ್ಕಿಲ್ಲ. ಬಹಳ ಹೊತ್ತು ನೀರಿನಲ್ಲಿದ್ದುದರಿಂದ ಸಾವು ಎಂದು ಕಾಗದಗಳಲ್ಲಿ ಬರೆಯಲಾಯಿತು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ ನಾವಿಕರಿಗೆ ಒಂದು ತರಬೇತಿ ನಡೆಯಿತು. ವೈದ್ಯರೊಬ್ಬರು ಪಾಠ ಮಾಡಿದರು. ಗಂಟೆಗಟ್ಟಲೆ ನೀರಿನಲ್ಲಿದ್ದವರ ಕಾಲಿನ ರಕ್ತವನ್ನು ನೀರೇ ಒತ್ತಿ ಹಿಡಿದಿರುತ್ತದೆ, ನೆಟ್ಟಗೆ ಎತ್ತಿದರೆ ರಕ್ತವೆಲ್ಲ ಕೆಳಗಿಳಿದು ಹೃದಯ ನಿಲ್ಲಬಹುದು. ಕೈಕಾಲು ತಿಕ್ಕಿದರೆ ಅಲ್ಲಿನ ತಣ್ಣನೆ ರಕ್ತ ಎದೆಗೆ ನುಗ್ಗುತ್ತದೆ. ಮಲಗಿಸಿಯೇ ಎತ್ತಬೇಕು, ಮಲಗಿಸಿಯೇ ಇಡಬೇಕು, ತಿಕ್ಕಬಾರದು, ನಡೆಸಬಾರದು. "ಹಿಂದಿನ ಬೆಂಚಿನಾಗೆ ಕುಂತಿದ್ದೆ," ಎಂದರು ತಿಪ್ಪೇಶ್. "ಅವ್ರು ಬೋರ್ಡ್ ಮ್ಯಾಲೆ ಬರೆದ ನಾಲ್ಕಕ್ಕೆ ನಾಲ್ಕನ್ನೂ ನಾನು ಉಲ್ಟಾ ಮಾಡಿದ್ದೆ."

ಈ ಬಗ್ಗೆ ನಾನೂ ದಾವಣಗೆರೆಯ ವೈದ್ಯರೊಬ್ಬರನ್ನು ವಿಚಾರಿಸಿದೆ. ಮಲಗಿಸಿ ಎತ್ತಿದ್ದರೂ ಆ ಮನುಷ್ಯ ಉಳಿಯುತ್ತಿದ್ದರು ಎಂದು ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು. ಆಮೇಲೆ ರಜೆಗೆ ಬಂದ ತಿಪ್ಪೇಶರಿಗೆ ಅದನ್ನು ತಿಳಿಸಿದೆ. "ಆ ಮಾತು ನಂಗೆ ಹನ್ನೊಂದು ವರ್ಷದಿಂದ ಗೊತ್ತೈತ್ರಿ. ಅದು ಗೊತ್ತಿದ್ರೂ ನಿದ್ದೆ ಬರಲ್ಲ."

ಆ ಡಿಸೆಂಬರಿನಲ್ಲಿ ರಜೆಗೆ ಬಂದವರು ವಿಳಾಸ ಹುಡುಕಿಕೊಂಡು ಶಂಕರಮ್ಮನ ಮನೆಗೆ ಹೋದರು. ಹೇಳಲೆಂದೇ ಹೋದದ್ದು. ಬಾಯಿ ಬರಲಿಲ್ಲ, ಮಾತು ಕೊಟ್ಟು ಬಂದರು. ಅಲ್ಲಿಂದ ಪ್ರತಿ ರಜೆಗೂ ಹೋಗುತ್ತಿದ್ದರು. ಶಂಕರಮ್ಮನಿಗೆ ಅಣ್ಣತಮ್ಮಂದಿರಿಲ್ಲ. ಗಂಡನನ್ನು ನೀರಿನಿಂದ ಎತ್ತಿದವನು, ಹೆಣವಾದರೂ ಸಿಗುವಂತೆ ಮಾಡಿದವನು ಎಂದು ತಿಪ್ಪೇಶರನ್ನು ತಮ್ಮನ ಹಾಗೆ ಕಂಡರು. ಮಗಳು ಚೈತ್ರಾಗೆ ಆಗ ಹತ್ತು ವರ್ಷ, ಈಗ ಇಪ್ಪತ್ತೊಂದು. ಮೊದಲಿನಿಂದಲೂ ಮಾವ ಎಂದೇ ಕರೆಯುತ್ತಾಳೆ. ನಾನು ಹಡಗಿಗೆ ಹೋದಾಗ ಅವಳ ಮದುವೆ ಗೊತ್ತಾಗಿತ್ತು. ಹಂದರಕ್ಕೆ ಹುಡುಗಿಯ ಕೈ ಹಿಡಿದು ಕರೆತರುವ ಸೋದರಮಾವನ ಜಾಗದಲ್ಲಿ ತಿಪ್ಪೇಶ್ ನಿಲ್ಲಬೇಕೆಂದು ಶಂಕರಮ್ಮ ಫೋನು ಮಾಡಿದ್ದರು. ಲಗ್ನಪತ್ರಿಕೆಯಲ್ಲಿ ಹೆಸರೂ ಅಚ್ಚಾಗಿತ್ತು.

"ಹೇಳ್ದೆ ಆ ಜಾಗದಾಗೆ ಹೆಂಗೆ ನಿಲ್ಲಲಿ? ಹೇಳಿದ್ರೆ ನಿಲ್ಲಾಕೆ ಬಿಡ್ತಾರಾ?" ಎಂದು ಅವರು ನನ್ನನ್ನೇ ಕೇಳಿದರು.

ಈ ಸಲದ ರಜೆಯಲ್ಲಿ ಅವರು ಮಾಡಿದ ಮೊದಲ ಕೆಲಸ ಬೇರೆ. ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಗೆ ಬಂದು, ಭದ್ರಾ ನಾಲೆಯ ದಂಡೆಯ ಮೇಲೆ ಇಪ್ಪತ್ತು ಜನರನ್ನು ಕೂಡಿಸಿದರು. ನಾಲೆಯಲ್ಲಿ ವರ್ಷಕ್ಕೆ ಒಂದಿಬ್ಬರಾದರೂ ಮುಳುಗಿ ಹೋಗುತ್ತಾರೆ. ಎತ್ತಿದವರು ಹೊಟ್ಟೆ ಅಮುಕುತ್ತಾರೆ, ಇಲ್ಲವೇ ತಲೆಯ ಮೇಲೆ ಹೊತ್ತು ಗಿರಗಿರ ತಿರುಗಿಸುತ್ತಾರೆ. ಅದು ಬೇಡ, ನೆಲದ ಮೇಲೆ ಮಲಗಿಸಿ ಉಸಿರಿದೆಯೇ ನೋಡಿ, ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಊದಿ, ಎದೆ ಒತ್ತಿ ಎಂದು ತೋರಿಸಿದರು. ಊರಿನ ಹಿರಿಯ ಷಣ್ಮುಖಪ್ಪನವರಿಗೆ ಇದು ಹಿಡಿಸಲಿಲ್ಲ.

"ಅಲ್ಲಯ್ಯಾ, ನಮ್ಮಪ್ಪ ತಲೆ ಮ್ಯಾಲೆ ಹೊತ್ತು ತಿರುಗ್ಸಿ ಮೂರು ಜನನ್ನ ಉಳಿಸಿದಾನೆ. ನೀನು ನಿನ್ನೆ ಮೊನ್ನೆಯೋನು ಬಂದು ಬ್ಯಾಡ ಅಂತೀಯಲ್ಲ."

"ಒಟ್ಟು ಎಷ್ಟು ಜನನ್ನ ತಿರುಗ್ಸಿದ್ರಜ್ಜಾ?"

"ಹತ್ತು ಹನ್ನೆರಡು ಇರ್ಬೌದು."

"ಉಳಿದ ಒಂಬತ್ತು?"

ಷಣ್ಮುಖಪ್ಪ "ಎದೆ ಎಲ್ಲಿ ಒತ್ತಬೇಕು ಅಂದೆ?" ಎಂದು ಕೇಳಿ ಪಂಚೆ ಎತ್ತಿ ಕಟ್ಟಿ ಮಂಡಿಯೂರಿದರು. ನೌಕರಿ ಬಿಟ್ಟ ಮೇಲೆ ಹೊನ್ನಾಳಿಯ ಹೊಳೆ ದಂಡೆಯ ಊರುಗಳಲ್ಲೂ, ಬಸವಾಪಟ್ಟಣದ ಕಡೆಯೂ ಇದನ್ನೇ ಮಾಡಿಕೊಂಡು ತಿರುಗಬೇಕೆಂಬುದು ತಿಪ್ಪೇಶರ ಆಸೆ. ಬೇರೆ ಏನೂ ಆಲೋಚಿಸಿಲ್ಲ.

ಮರುದಿನ ಹೊನ್ನಾಳಿಯಿಂದ ಬಸ್ಸು ಹಿಡಿದು ಇಬ್ಬರೂ ಶಂಕರಮ್ಮನ ಊರಿಗೆ ಹೋದೆವು. ನಾನೂ ಬರಬೇಕೆಂದು ಕೇಳಿದ್ದು ಅವರೇ. "ಜೊತೆಗೆ ಒಬ್ರಿದ್ರೆ ಹಿಂದಕ್ಕೆ ಬರಾಕಾಗಲ್ಲ."

ಚೈತ್ರಾ ಬಳೆ ಇಡಿಸಿಕೊಳ್ಳಲು ಹೋಗಿದ್ದಳು. ಶಂಕರಮ್ಮ ನಮ್ಮನ್ನು ಕಂಡು ರೊಟ್ಟಿ ತಟ್ಟಲು ಎದ್ದರು. "ರೊಟ್ಟಿ ಆಮ್ಯಾಲೆ. ಕೂತ್ಕಳಕ್ಕ," ಎಂದ ತಿಪ್ಪೇಶ್ ಜಗುಲಿಯ ಮೇಲೆ ಕೂರದೆ ಕೆಳಗೆ ಅಂಗಳದಲ್ಲಿ ಕೂತರು. ಏನನ್ನೂ ಬಿಡದೆ ಹೇಳಿದರು. ನೀರಿನಲ್ಲಿ ದುರುಗಪ್ಪ ಆಡಿದ ಮಾತು, ಎತ್ತಿದ ಬಗೆ, ತಿಕ್ಕಿದ್ದು, ಚಹಾ, ಮೂರು ಹೆಜ್ಜೆ, ಆಮೇಲೆ ವೈದ್ಯರ ಪಾಠ. ಕುರಿಮರಿಯ ವಿಷಯವನ್ನೂ ಹೇಳಿದರು.

ಶಂಕರಮ್ಮ ಒಂದೊಂದಾಗಿ ಕೇಳಿದರು.

"ಸಿಕ್ಕಾಗ ಮಾತಾಡ್ತಿದ್ರಾ?"

"ಮಾತಾಡ್ತಿದ್ರಕ್ಕ. ನಗ್ತಿದ್ರು."

"ಹಂಗಾರೆ ಬದುಕಿದ್ರು."

"ಹ್ಞೂಂ."

"ನೀನು ನಿಲ್ಲಿಸ್ದೆ."

"ನಾನೇ ನಿಲ್ಲಿಸ್ದೆ."

ವೈದ್ಯರು ಹೇಳಿದ್ದನ್ನು ನಾನು ಹೇಳಲು ಹೋದೆ. ತಿಪ್ಪೇಶ್ ಕೈ ಅಡ್ಡ ಹಿಡಿದು ತಡೆದರು.

"ಹನ್ನೊಂದು ವರ್ಷ ನನ್ನ ಕೈಯಾಗೆ ಉಂಡ್ಯಲ್ಲೋ ತಿಪ್ಪೇಶ," ಎಂದರು ಶಂಕರಮ್ಮ. ಧ್ವನಿ ಏರಲಿಲ್ಲ. "ಪ್ರತಿ ಸಲಾನೂ ಇನ್ನೊಂದು ರೊಟ್ಟಿ ಹಾಕ್ಕಳೋ ಅಂತ ನಾನು. ಹಾಕಕ್ಕ ಅಂತ ನೀನು."

ಶಂಕರಮ್ಮ ಎದ್ದು ಒಳಗೆ ಹೋದರು. ಪಾತ್ರೆ ಸರಿಸುವ ಸದ್ದಾಯಿತು. ಕಾಲು ಗಂಟೆಯ ನಂತರ ಬಾಗಿಲಿಗೆ ಬಂದು ನಿಂತರು. ಕಣ್ಣು ಒಣಗಿದ್ದವು.

"ಮದುವೆಗೆ ಬರಬ್ಯಾಡ. ನೀನು ಆ ಜಾಗದಾಗೆ ನಿಂತಿರೋದ ನನ್ನ ಕೈಲಿ ನೋಡಾಕಾಗಲ್ಲ. ಅವ್ಳಿಗೆ ನಾನೇ ಹೇಳ್ತೀನಿ, ಮದುವೆ ಮುಗೀಲಿ." ಆಮೇಲೆ ನನ್ನ ಕಡೆ ತಿರುಗಿದರು. "ಪೇಪರ್‌ನೋರು ಅಲ್ಲೇನ್ರಿ ನೀವು? ಬರೀರಿ. ಅವ್ರ ಹೆಸರು, ನನ್ನ ಹೆಸರು, ಇವ್ನ ಹೆಸರು ಎಲ್ಲಾ ಹಾಕ್ರಿ. ಮದುವೆ ಆದ್ಮ್ಯಾಲೆ ಹಾಕ್ರಿ. ಇನ್ನೊಬ್ರ ಮನೆಯೋರನ್ನಾದ್ರೂ ಮಲಗ್ಸಿ ಎತ್ಲಿ."

ಬಾಗಿಲು ಹಾಕಿಕೊಂಡರು.

ಮದುವೆ ಕಳೆದ ಭಾನುವಾರ ಹೊನ್ನಾಳಿಯಲ್ಲಿ ಆಯಿತು. ಚೈತ್ರಾಳನ್ನು ಹಂದರಕ್ಕೆ ಕರೆತಂದವರು ದೂರದ ಸಂಬಂಧಿಯೊಬ್ಬರು. ತಿಪ್ಪೇಶ್ ರಜೆ ಉಳಿದಿದ್ದರೂ ಹಡಗಿಗೆ ಹಿಂತಿರುಗಿದ್ದರು. ಅವರು ನೌಕರಿ ಬಿಡಲು ಇನ್ನು ಹನ್ನೆರಡು ದಿನವಿದೆ. ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾರೆ.